ಅಪರಾಧಕ್ಕೆ ಮೊದಲೇ ಆಯುಧ ತೆಗೆದಿರಿಸುವ ಆದೇಶ

(ಪುಣೆಯಲ್ಲಿ ನಮ್ಮ ಸಮಾಜದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಈ ಗೋಷ್ಠಿಯಲ್ಲಿ ಇದಕ್ಕೆ ಮುನ್ನ ನಾನು ಎರಡು ಬಾರಿ ಮಾತನಾಡಿದ್ದೇನೆ. ಒಮ್ಮೆ ಅವಿಭಕ್ತ ಕುಟುಂಬದ ತೆರಿಗೆಯನ್ನು ಕುರಿತು, ಇನ್ನೊಮ್ಮೆ ಉಯಿಲನ್ನು ಕುರಿತು. ಎರಡೂ ಸಲ ಹಿಂದಿನ ಸಾಲಿನ ಹಿರಿಯರು ಸುಖವಾಗಿ ನಿದ್ರಿಸಿದ್ದನ್ನು ನಾನು ವೇದಿಕೆಯಿಂದ ಕಂಡಿದ್ದೇನೆ. ಇಂದಿನ ವಿಷಯ ನಾನಾಗಿ ಆರಿಸಿಕೊಂಡದ್ದಲ್ಲ. ಕಳೆದ ತಿಂಗಳು ಸಭೆ ಮುಗಿದ ಮೇಲೆ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದರು. ಅವರ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅವನೊಂದಿಗೆ ಮನೆ ಹಂಚಿಕೊಂಡಿರುವ ಹುಡುಗನೊಬ್ಬ ಬಂದೂಕು ಕೊಂಡಿದ್ದಾನೆ. ಇತ್ತೀಚೆಗೆ ತರಗತಿಗೆ ಹೋಗುವುದನ್ನು ಬಿಟ್ಟಿದ್ದಾನೆ, ಯಾರೊಂದಿಗೂ ಮಾತಿಲ್ಲ, ರಾತ್ರಿಯೆಲ್ಲ ದೀಪ ಉರಿಯುತ್ತಿರುತ್ತದೆ. ‘ಅವನು ತಪ್ಪೇನೂ ಮಾಡಿಲ್ಲ. ಆದರೂ ಮಗನಿಗೆ ಭಯವಾಗುತ್ತದೆ. ಅಲ್ಲಿ ಇದಕ್ಕೇನಾದರೂ ಕಾನೂನು ಇದೆಯೇ?’ ಎಂದು ಆಕೆ ಕೇಳಿದರು. ನಾನು ವಕೀಲನಲ್ಲ, ಲೆಕ್ಕಪರಿಶೋಧಕ. ಓದಿ ತಿಳಿಸುತ್ತೇನೆಂದೆ. ಓದುತ್ತಾ ಹೋದಂತೆ ಇದು ಅವರೊಬ್ಬರ ಪ್ರಶ್ನೆಯಲ್ಲವೆಂದು ತೋರಿತು. ನಮ್ಮದೇ ಮನೆಯ ಹಳೆಯದೊಂದು ಸಂಗತಿ ನೆನಪಿಗೆ ಬಂತು. ಅದನ್ನು ಕೊನೆಗೆ ಹೇಳುತ್ತೇನೆ.

ಕಾನೂನು ಇದೆ. ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಪತ್ರಿಕೆಗಳು ಅದನ್ನು ‘ರೆಡ್ ಫ್ಲ್ಯಾಗ್’ ಕಾನೂನು ಎನ್ನುತ್ತವೆ. ಒಬ್ಬ ವ್ಯಕ್ತಿ ತನಗೇ ಆಗಲಿ ಇತರರಿಗಾಗಲಿ ಅಪಾಯ ತರುವ ಸ್ಥಿತಿಯಲ್ಲಿದ್ದಾನೆಂದು ನ್ಯಾಯಾಧೀಶರಿಗೆ ಸಾಕ್ಷ್ಯಸಹಿತ ಮನವರಿಕೆಯಾದರೆ, ಅವನ ಬಳಿಯಿರುವ ಬಂದೂಕುಗಳನ್ನು ನಿಗದಿತ ಅವಧಿಗೆ ತೆಗೆದಿರಿಸಿ, ಆ ಅವಧಿಯಲ್ಲಿ ಹೊಸದನ್ನು ಕೊಳ್ಳದಂತೆ ತಡೆಯುವ ಆದೇಶವಿದು. ಬಂಧನವಿಲ್ಲ, ಆರೋಪಪಟ್ಟಿಯಿಲ್ಲ. ಅವನು ಅಪರಾಧಿಯೆಂದು ಯಾರೂ ಹೇಳುವುದಿಲ್ಲ.

ಇಂಥ ಕಾನೂನು ಮೊದಲು ಹುಟ್ಟಿದ ಪ್ರಸಂಗದಲ್ಲಿ ಇದ್ದವನು ನನ್ನ ವೃತ್ತಿಯವನೇ. 1998ರ ಮಾರ್ಚ್ 6ರಂದು ಕನೆಕ್ಟಿಕಟ್ ರಾಜ್ಯದ ಲಾಟರಿ ನಿಗಮದ ಕಚೇರಿಯಲ್ಲಿ ಅಲ್ಲಿಯ ಅಕೌಂಟೆಂಟ್ ಒಬ್ಬ ತನ್ನ ಮೇಲಧಿಕಾರಿಗಳಾದ ನಾಲ್ವರನ್ನು ಕೊಂದು, ಕೊನೆಗೆ ತಾನೂ ಗುಂಡು ಹಾರಿಸಿಕೊಂಡು ಸತ್ತ. ಮನಸ್ಸಿನ ಒತ್ತಡದ ಕಾರಣ ಕೆಲವು ತಿಂಗಳು ರಜೆಯಲ್ಲಿದ್ದು ಆಗತಾನೇ ಕೆಲಸಕ್ಕೆ ಮರಳಿದ್ದವನು. ಸಂಬಳ ಮತ್ತು ಹುದ್ದೆಯ ವಿಚಾರದಲ್ಲಿ ಅವನಿಗೆ ಅಸಮಾಧಾನವಿತ್ತು. ವರ್ಷಾಂತ್ಯದ ದಿನಗಳಲ್ಲಿ ಮುಖ ಬಿಗಿದುಕೊಂಡು ಕುಳಿತ ಸಹೋದ್ಯೋಗಿಗಳನ್ನು ನಾವೆಲ್ಲ ಕಂಡಿದ್ದೇವೆ. ‘ಅವನ ಸ್ವಭಾವವೇ ಹಾಗೆ’ ಎಂದು ಮುಂದೆ ಸಾಗಿದ್ದೇವೆ. ಮರುವರ್ಷ, 1999ರಲ್ಲಿ, ಕನೆಕ್ಟಿಕಟ್ ಈ ಕಾನೂನನ್ನು ತಂದಿತು.

ಅದರ ಮೂಲ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಸತ್ವವಿರುವುದು ಅಲ್ಲಿಯೇ. ಇಬ್ಬರು ಪೊಲೀಸ್ ಅಧಿಕಾರಿಗಳು ಅಥವಾ ಸರಕಾರಿ ಅಭಿಯೋಜಕರು ತಾವೇ ತನಿಖೆ ನಡೆಸಿ, ಬೇರೆ ಸೂಕ್ತ ಮಾರ್ಗವಿಲ್ಲವೆಂದು ಕಂಡುಕೊಂಡು, ಪ್ರಮಾಣಪೂರ್ವಕವಾಗಿ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬೇಕು. ನ್ಯಾಯಾಧೀಶರು ಒಪ್ಪಿದರೆ ವಾರಂಟ್ ಹೊರಡುತ್ತದೆ, ಬಂದೂಕುಗಳು ಜಪ್ತಿಯಾಗುತ್ತವೆ. ಈ ಹಂತದಲ್ಲಿ ಎದುರು ಪಕ್ಷದವನನ್ನು ಕೇಳುವುದಿಲ್ಲ. ಆದರೆ 14 ದಿನಗಳೊಳಗೆ ವಿಚಾರಣೆ ನಡೆಯಲೇಬೇಕು. ಅಲ್ಲಿ ಅಪಾಯವಿದೆಯೆಂದು ಸಾಧಿಸುವ ಭಾರ ಸರಕಾರದ ಮೇಲೆ. ಬರೀ ಸಂಭವನೀಯತೆ ಸಾಲದು, ಸ್ಪಷ್ಟವೂ ಮನವರಿಕೆಯಾಗುವಂಥದೂ ಆದ ಸಾಕ್ಷ್ಯ ಬೇಕು. ಸಾಧಿಸಿದರೆ ಗರಿಷ್ಠ ಒಂದು ವರ್ಷ. ಸಾಧಿಸದಿದ್ದರೆ ಬಂದೂಕು ವಾಪಸು. ಮುಂದೆ 2021ರಲ್ಲಿ ಕನೆಕ್ಟಿಕಟ್ ಇದನ್ನು ತಿದ್ದಿ, ಕುಟುಂಬದವರಿಗೂ ವೈದ್ಯರಿಗೂ ಅರ್ಜಿಯ ಹಾದಿ ತೆರೆಯಿತು. ಒಂದು ವರ್ಷದ ಮಿತಿಯನ್ನು ತೆಗೆದು, ಅಪಾಯ ತೀರಿದೆಯೆಂದು ತೋರಿಸಿಕೊಡುವ ಹೊಣೆಯನ್ನು ಆ ವ್ಯಕ್ತಿಯ ಮೇಲೆ ಹಾಕಿತು. ಮೊದಲನೆಯ ಬದಲಾವಣೆ ನನಗೆ ಒಪ್ಪಿಗೆ. ಎರಡನೆಯದರ ಬಗ್ಗೆ ನನಗೆ ಅನುಮಾನವಿದೆ. ಅವಧಿಯಿಲ್ಲದ ‘ತಾತ್ಕಾಲಿಕ’ವನ್ನು ಯಾವ ಲೆಕ್ಕಪತ್ರದಲ್ಲಿಯೂ ನಾನು ಒಪ್ಪುವುದಿಲ್ಲ.

ಇಲ್ಲಿರುವ ವ್ಯಾಪಾರಿ ಬಂಧುಗಳಿಗೆ ಇದು ಅಪರಿಚಿತ ವಿಷಯವಲ್ಲ. ಜಿಎಸ್‌ಟಿ ಕಾನೂನಿನ 83ನೆಯ ಕಲಮಿನ ಅಡಿಯಲ್ಲಿ ಆಯುಕ್ತರು ನಿಮ್ಮ ಬ್ಯಾಂಕ್ ಖಾತೆಯನ್ನು ತಾತ್ಕಾಲಿಕವಾಗಿ ಜಪ್ತಿ ಮಾಡಬಹುದು. ತೆರಿಗೆ ಬಾಕಿ ಇನ್ನೂ ತೀರ್ಮಾನವಾಗಿರುವುದಿಲ್ಲ. ತೀರ್ಮಾನವಾಗುವಷ್ಟರಲ್ಲಿ ಹಣ ಮಾಯವಾದೀತೆಂಬ ಆತಂಕದಿಂದ ಮುಂಚಿತವಾಗಿ ಕೈಯಿಡುತ್ತಾರೆ. ಒಂದು ವರ್ಷ ಕಳೆದರೆ ಆ ಆದೇಶ ತಾನಾಗಿ ಬಿದ್ದುಹೋಗುತ್ತದೆ. ಆಕ್ಷೇಪಣೆ ಸಲ್ಲಿಸಿ ಅಹವಾಲು ಹೇಳಿಕೊಳ್ಳುವ ಅವಕಾಶವಿದೆ. 2021ರಲ್ಲಿ ರಾಧಾಕೃಷ್ಣ ಇಂಡಸ್ಟ್ರೀಸ್ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಈ ಅಧಿಕಾರವನ್ನು ಅತಿ ಕಠೋರವೆಂದು ಕರೆದು, ಕಾನೂನಿನ ಷರತ್ತುಗಳನ್ನು ಅಕ್ಷರಶಃ ಪಾಲಿಸಿಯೇ ಬಳಸಬೇಕೆಂದಿತು. ಖಾತೆ ಜಪ್ತಿಯಾದ ದಿನ ಕಕ್ಷಿದಾರ ನನ್ನೆದುರು ಕುಳಿತು ಕೇಳುವ ಮೊದಲ ಮಾತು ಹಣದ್ದಲ್ಲ: ‘ನನ್ನನ್ನು ಕಳ್ಳನೆಂದು ತೀರ್ಮಾನಿಸಿಬಿಟ್ಟರೇ?’ ಇಲ್ಲ, ಇನ್ನೂ ತೀರ್ಮಾನಿಸಿಲ್ಲ, ಅದಕ್ಕೇ ಇದು ತಾತ್ಕಾಲಿಕ ಎಂದು ಬಿಡಿಸಿ ಹೇಳುವುದರಲ್ಲಿ ನನ್ನ ಅರ್ಧ ದಿನ ಹೋಗುತ್ತದೆ. ಬಂದೂಕಿನ ಆದೇಶ ಪಡೆದ ಅಮೆರಿಕದ ಮನುಷ್ಯನಿಗೂ ಇದೇ ಅವಮಾನವಾಗುತ್ತದೆ. ಈ ಅವಮಾನವನ್ನು ಹಗುರವಾಗಿ ಕಾಣಬಾರದು. ಆದರೆ ಒಂದು ವ್ಯತ್ಯಾಸವಿದೆ. ಖಾತೆಯಿಂದ ಹೋದ ಹಣ ಬಡ್ಡಿಸಹಿತ ಬರಬಹುದು. ಒಂದು ಗುಂಡಿನಿಂದ ಹೋದದ್ದು ಬರುವುದಿಲ್ಲ.

ಬಂದೂಕಿನ ಸಾವು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಶಾಲೆಯಲ್ಲೋ ಮಾರುಕಟ್ಟೆಯಲ್ಲೋ ನಡೆದ ಸಾಮೂಹಿಕ ಹತ್ಯೆ. ಅಂಕಿ ಬೇರೆಯೇ ಹೇಳುತ್ತದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಅರ್ಧಕ್ಕಿಂತ ಹೆಚ್ಚು. ಈ ಕಾನೂನಿನ ನಿಜವಾದ ಉಪಯೋಗವೂ ಅಲ್ಲಿಯೇ ಕಂಡಿದೆ. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1999ರಿಂದ 2013ರವರೆಗಿನ ಕನೆಕ್ಟಿಕಟ್‌ನ 762 ಜಪ್ತಿ ಪ್ರಕರಣಗಳನ್ನು ಅಭ್ಯಸಿಸಿ, ಹತ್ತರಿಂದ ಇಪ್ಪತ್ತು ಜಪ್ತಿಗಳಿಗೆ ಒಂದರಂತೆ ಆತ್ಮಹತ್ಯೆ ತಪ್ಪಿದೆಯೆಂದು ಅಂದಾಜು ಮಾಡಿದರು. ಪ್ರತಿ ಪ್ರಕರಣದಲ್ಲಿ ಸರಾಸರಿ ಏಳು ಬಂದೂಕುಗಳು ಸಿಕ್ಕಿದ್ದವು. ಏಳು! ನಮ್ಮ ಮನೆಗಳಲ್ಲಿ ಏಳು ಕೊಡೆ ಹುಡುಕಿದರೆ ಸಿಗುವುದಿಲ್ಲ.

ಹತ್ತಿಪ್ಪತ್ತು ಜನರ ಬಂದೂಕು ತೆಗೆದರೆ ಒಂದು ಜೀವ ಉಳಿಯುವುದೆಂದರೆ, ಉಳಿದ ಒಂಬತ್ತೋ ಹತ್ತೊಂಬತ್ತೋ ಜನರಿಂದ ಅನಗತ್ಯವಾಗಿ ತೆಗೆದಂತಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಹಾಗೆಯೇ. ಆ ಒಬ್ಬನು ಯಾರೆಂದು ಮುಂಚಿತವಾಗಿ ಹೇಳಲು ಯಾರಿಂದಲೂ ಆಗದು. ಆತ್ಮಹತ್ಯೆಯ ಆವೇಗ ಬಹುಪಾಲು ಅಲ್ಪಕಾಲದ್ದೆಂದು ಮನೋವೈದ್ಯರು ಹೇಳುತ್ತಾರೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಬದುಕು ನಿಂತಿದೆ. ಬಂದೂಕು ಎರಡನೆಯ ಅವಕಾಶ ಕೊಡುವುದು ತೀರ ಅಪರೂಪ. ಹತ್ತೊಂಬತ್ತು ಜನ ಕೆಲಕಾಲ ಬಂದೂಕಿಲ್ಲದೆ ಇದ್ದು, ಅದನ್ನು ಮರಳಿ ಪಡೆಯುವುದು ಆ ಒಂದು ಜೀವಕ್ಕೆ ದುಬಾರಿ ಬೆಲೆಯೆಂದು ನನಗೆ ಅನ್ನಿಸುವುದಿಲ್ಲ. ಷರತ್ತು ಒಂದೇ: ಮರಳಿ ಪಡೆಯುವಂತಿರಬೇಕು.

ಈಗ ಈ ಕಾನೂನು ಸೋತದ್ದೆಲ್ಲಿ ಎಂಬುದಕ್ಕೆ ಬರುತ್ತೇನೆ. ವಿರೋಧಿಗಳು ಹೇಳುವುದು, ಇದನ್ನು ಮಿತಿಮೀರಿ ಬಳಸಿ ಜನರ ಹಕ್ಕು ಕಸಿಯುತ್ತಾರೆಂದು. ನಾನು ಓದಿದ ದೊಡ್ಡ ದುರಂತಗಳಲ್ಲಿ ಕಂಡದ್ದು ತದ್ವಿರುದ್ಧ. ತಿಳಿದವರು ತಿಳಿಸಿದ್ದರು, ಅಥವಾ ತಿಳಿಸಬಹುದಿತ್ತು. ಕಾಗದ ಮಾತ್ರ ನ್ಯಾಯಾಧೀಶರ ಮೇಜಿಗೆ ಹೋಗಲೇ ಇಲ್ಲ.

ಇಂಡಿಯಾನಾ ರಾಜ್ಯವನ್ನೇ ನೋಡಿ. 2004ರ ಆರಂಭದಲ್ಲಿ ಇಂಡಿಯಾನಾಪೊಲಿಸ್ ಪೊಲೀಸರು ಮನೋರೋಗಿಯೊಬ್ಬನನ್ನು ಚಿಕಿತ್ಸೆಗೆ ಸೇರಿಸಿ ಅವನ ಬಂದೂಕುಗಳನ್ನು ತೆಗೆದುಕೊಂಡರು. ಇಟ್ಟುಕೊಳ್ಳಲು ಕಾನೂನಿನ ಆಧಾರವಿರಲಿಲ್ಲ, ಮರಳಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಅವನು ತನ್ನ ತಾಯಿಯನ್ನೂ ಪೊಲೀಸ್ ಅಧಿಕಾರಿಯೊಬ್ಬನನ್ನೂ ಕೊಂದ. 2005ರಲ್ಲಿ ಆ ಅಧಿಕಾರಿ ಜೇಕ್ ಲೇರ್ಡ್ ಹೆಸರಿನಲ್ಲಿಯೇ ಕಾನೂನು ಬಂತು. ಇಷ್ಟಾದ ಮೇಲೆ 2020ರ ಮಾರ್ಚಿನಲ್ಲಿ ಅದೇ ಊರಿನ ತಾಯಿಯೊಬ್ಬಳು ಪೊಲೀಸರ ಬಳಿ ಹೋಗಿ ಮಗನ ಸ್ಥಿತಿ ಹೇಳಿಕೊಂಡಳು: ಪೊಲೀಸರ ಗುಂಡಿಗೆ ಬಲಿಯಾಗುವಂತೆ ನಡೆದುಕೊಂಡಾನೆಂಬ ಭಯ ತನಗಿದೆ ಎಂದಳು. ಪೊಲೀಸರು ಅವನ ಶಾಟ್‌ಗನ್ ತೆಗೆದುಕೊಂಡರು. ಮನೆಯವರು ಅದನ್ನು ಮರಳಿ ಕೇಳುವುದಿಲ್ಲವೆಂದರು. ಉದ್ದೇಶ ಈಡೇರಿತಲ್ಲ ಎಂಬ ಭಾವದಲ್ಲಿ ಅಭಿಯೋಜಕರು ನ್ಯಾಯಾಲಯಕ್ಕೆ ಅರ್ಜಿ ಹಾಕಲಿಲ್ಲ. ಕಾನೂನು ಕೊಟ್ಟ ಕಾಲಾವಕಾಶವೂ ಸಾಲದೆಂದು ಅನಂತರ ಹೇಳಿದರು. ಆದೇಶವಿಲ್ಲ, ಆದ್ದರಿಂದ ಅವನ ಹೆಸರಿಗೆ ಖರೀದಿಯ ತಡೆಯೂ ಇಲ್ಲ. ಕೆಲವೇ ತಿಂಗಳಲ್ಲಿ ಅವನು ಅಂಗಡಿಯಿಂದ ಕಾನೂನುಬದ್ಧವಾಗಿಯೇ ಎರಡು ರೈಫಲ್ ಕೊಂಡ. 2021ರ ಏಪ್ರಿಲ್ 15ರ ರಾತ್ರಿ ಫೆಡ್‌ಎಕ್ಸ್ ಉಗ್ರಾಣದಲ್ಲಿ ಎಂಟು ಜನರನ್ನು ಕೊಂದ. ಅವರಲ್ಲಿ ನಾಲ್ವರು ಸಿಖ್ಖರು; ನಮ್ಮ ದೇಶದಿಂದ ಬೇರು ಕಿತ್ತುಕೊಂಡು ಹೋಗಿ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದ ಸಮುದಾಯದವರು.

ಲೆಕ್ಕಿಗನಾಗಿ ನನ್ನನ್ನು ಕಾಡಿದ್ದು ಈ ಪ್ರಸಂಗವೇ. ವಸ್ತು ಜಪ್ತಿಯಾಯಿತು, ಖಾತೆಗೆ ನಮೂದು ಆಗಲಿಲ್ಲ. ಒಂದು ಬಂದೂಕು ಹೋಯಿತು. ‘ಈತನಿಗೆ ಬಂದೂಕು ಮಾರಬಾರದು’ ಎಂಬ ಸಾಲು ಎಲ್ಲಿಯೂ ಬರೆಯಲ್ಪಡಲಿಲ್ಲ. ಆ ತಾಯಿ ಮಾಡಬೇಕಾದ ಅತಿ ಕಠಿಣ ಕೆಲಸವನ್ನು ಮಾಡಿದ್ದಳು. ಉಳಿದದ್ದು ಗುಮಾಸ್ತಿಕೆಯ ಕೆಲಸ. ಅದು ನಿಂತಿತು.

ಇನ್ನೊಂದು ಪ್ರಸಂಗದಲ್ಲಿ ತಂದೆಯೊಬ್ಬನಿದ್ದಾನೆ. ಇಲಿನಾಯ್ ರಾಜ್ಯದ ಯುವಕನೊಬ್ಬ 2017ರಲ್ಲಿ ಶ್ವೇತಭವನದ ಬಳಿ ನಿಷಿದ್ಧ ಜಾಗಕ್ಕೆ ನುಗ್ಗಿ ಸಿಕ್ಕಿಬಿದ್ದ. ಅವನ ಬಂದೂಕು ಪರವಾನಗಿ ರದ್ದಾಯಿತು; ನಾಲ್ಕು ಬಂದೂಕುಗಳನ್ನು ಅವನ ತಂದೆಯ ವಶಕ್ಕೆ, ಮಗನಿಗೆ ಸಿಗದಂತೆ ಇಡುತ್ತೇನೆಂಬ ಮಾತಿನ ಮೇಲೆ, ಒಪ್ಪಿಸಲಾಯಿತು. ತಂದೆ ಅವನ್ನು ಮಗನಿಗೆ ಹಿಂದಿರುಗಿಸಿದ. 2018ರ ಏಪ್ರಿಲ್‌ನಲ್ಲಿ ಆ ಮಗ ನ್ಯಾಶ್ವಿಲ್‌ನ ಉಪಾಹಾರಗೃಹವೊಂದರಲ್ಲಿ ನಾಲ್ವರನ್ನು ಕೊಂದ. 2022ರಲ್ಲಿ ಇಲಿನಾಯ್ ನ್ಯಾಯಾಲಯ ತಂದೆಯನ್ನೂ ತಪ್ಪಿತಸ್ಥನೆಂದಿತು. ನಮ್ಮ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ‘ಹಿಂಸಾದಾನ’ವನ್ನು ಪ್ರತ್ಯೇಕವಾಗಿ ಹೆಸರಿಸಿದ್ದಾರೆ: ಆಯುಧ, ವಿಷ, ಬೆಂಕಿ ಮೊದಲಾದುವನ್ನು ಇನ್ನೊಬ್ಬರ ಕೈಗೆ ಕೊಡುವುದು. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುವಾಗ, ಯಾರು ತಾನೇ ಹಾಗೆ ಕೊಡುತ್ತಾರೆ ಎಂದುಕೊಂಡಿದ್ದೆ. ಮಗ ಬೇಡಿದರೆ ತಂದೆ ಕೊಡುತ್ತಾನೆ.

ವಿರೋಧಿಗಳ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. ಮೇರಿಲ್ಯಾಂಡ್ ರಾಜ್ಯದಲ್ಲಿ ಈ ಕಾನೂನು 2018ರ ಅಕ್ಟೋಬರ್ 1ರಂದು ಜಾರಿಗೆ ಬಂತು. ನವೆಂಬರ್ 5ರ ನಸುಕಿನಲ್ಲಿ, ಬೆಳಗಿನ ಐದು ಗಂಟೆಯ ಸುಮಾರಿಗೆ, ಪೊಲೀಸರು ಆದೇಶ ಹಿಡಿದು 61 ವಯಸ್ಸಿನ ಒಬ್ಬನ ಮನೆಯ ಬಾಗಿಲು ತಟ್ಟಿದರು. ಅವನು ಕೈಯಲ್ಲಿ ಬಂದೂಕು ಹಿಡಿದೇ ಬಾಗಿಲು ತೆರೆದ. ಜಗ್ಗಾಟದಲ್ಲಿ ಅವನ ಬಂದೂಕು ಸಿಡಿಯಿತು, ಪೊಲೀಸರ ಗುಂಡಿಗೆ ಅವನು ಸತ್ತ. ಜೀವ ಉಳಿಸಲು ಹೊರಟ ಕಾಗದವೇ ಜೀವ ತೆಗೆಯಿತು. ಕತ್ತಲಲ್ಲಿ ಬಾಗಿಲು ತಟ್ಟಲೇಬೇಕಿತ್ತೇ? ಮಗನನ್ನೋ ಅಣ್ಣನನ್ನೋ ಮುಂದಿಟ್ಟುಕೊಂಡು ಮಧ್ಯಾಹ್ನ ಹೋಗಬಾರದಿತ್ತೇ? ಆದೇಶ ಸರಿಯಾಗಿದ್ದರೂ ಅದನ್ನು ಜಾರಿಮಾಡುವ ರೀತಿ ತಪ್ಪಾಗಬಹುದು. ಅಮೆರಿಕದ ನಾಗರಿಕ ಹಕ್ಕುಗಳ ಸಂಘಟನೆಯೂ 2018ರಲ್ಲಿ ರೋಡ್ ಐಲೆಂಡ್‌ನ ಮಸೂದೆಯನ್ನು ಪ್ರಶ್ನಿಸಿತ್ತು. ಅದು ಬಂದೂಕುಪ್ರಿಯರ ಕೂಟವಲ್ಲ. ನಡೆದಿಲ್ಲದ ಅಪರಾಧಕ್ಕೆ ಮುಂಚಿತವಾಗಿ ಹಕ್ಕು ಕಸಿಯುವುದನ್ನು ಅದು ಅನುಮಾನದಿಂದ ಕಂಡಿತು.

ರಾಜಕೀಯವಾಗಿಯೂ ಇದು ನಾವು ಎಣಿಸುವಷ್ಟು ಸರಳ ಗೆರೆಯಲ್ಲಿ ಒಡೆದಿಲ್ಲ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೂರೇ ವಾರಗಳಲ್ಲಿ ಅಲ್ಲಿಯ ರಿಪಬ್ಲಿಕನ್ ಗವರ್ನರ್ ಈ ಕಾನೂನಿಗೆ ಸಹಿ ಹಾಕಿದರು. ಅಧ್ಯಕ್ಷ ಟ್ರಂಪ್ ಅದೇ ಸಮಯದಲ್ಲಿ, ಮೊದಲು ಬಂದೂಕು ತೆಗೆಯಿರಿ, ನ್ಯಾಯಪ್ರಕ್ರಿಯೆ ಆಮೇಲೆ ನೋಡೋಣ ಎಂಬರ್ಥದ ಮಾತಾಡಿ ತಮ್ಮ ಪಕ್ಷದವರನ್ನೇ ತಬ್ಬಿಬ್ಬಾಗಿಸಿದರು. 2020ರಲ್ಲಿ ಒಕ್ಲಹೋಮ ಇಂಥ ಕಾನೂನನ್ನೇ ತನ್ನಲ್ಲಿ ಯಾವ ಸ್ಥಳೀಯ ಸಂಸ್ಥೆಯೂ ಮಾಡದಂತೆ ನಿಷೇಧಿಸಿತು. 2022ರಲ್ಲಿ ಎರಡೂ ಪಕ್ಷಗಳು ಸೇರಿ ರಾಜ್ಯಗಳಿಗೆ ಐದು ವರ್ಷಗಳಲ್ಲಿ 75 ಕೋಟಿ ಡಾಲರ್ ನೆರವು ಕೊಡುವ ಶಾಸನ ಮಾಡಿದವು. 2024ರ ಜೂನಿನಲ್ಲಿ ರಹೀಮಿ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಒಬ್ಬನು ಇನ್ನೊಬ್ಬರ ದೇಹಕ್ಕೆ ನಿಜವಾದ ಅಪಾಯವೆಂದು ನ್ಯಾಯಾಲಯ ಕಂಡುಕೊಂಡಿದ್ದರೆ ಅವನನ್ನು ತಾತ್ಕಾಲಿಕವಾಗಿ ನಿರಾಯುಧನನ್ನಾಗಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಎಂಟಕ್ಕೆ ಒಂದರ ಬಹುಮತದಿಂದ ಹೇಳಿತು. ಅದು ಕೌಟುಂಬಿಕ ಹಿಂಸೆಯ ಪ್ರಕರಣ. ರೆಡ್ ಫ್ಲ್ಯಾಗ್ ಕಾನೂನನ್ನು ನೇರವಾಗಿ ಪರೀಕ್ಷಿಸಿದ್ದಲ್ಲ. ಆದರೂ ‘ನ್ಯಾಯಾಲಯ ಕಂಡುಕೊಂಡಿದ್ದರೆ’, ‘ತಾತ್ಕಾಲಿಕವಾಗಿ’ ಎಂಬ ಎರಡು ಮಾತುಗಳ ಮೇಲೆ ತೀರ್ಪು ನಿಂತಿದೆ.

ಇನ್ನು ನಮ್ಮ ಮನೆಯ ಸಂಗತಿ. ಇದನ್ನು ಹೇಳಲು ಮನೆಯ ಹಿರಿಯರ ಅನುಮತಿ ಪಡೆದಿದ್ದೇನೆ.

ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. ಜೈನರ ಮನೆಯಲ್ಲಿ ಕೋವಿಯೇ ಎಂದು ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಹುಬ್ಬೇರಿಸಬಹುದು. ಇತ್ತು. ಅಜ್ಜನ ಕಾಲದ ಕೇಪಿನ ಕೋವಿ, ಪರವಾನಗಿ ದೊಡ್ಡಪ್ಪನ ಹೆಸರಿನಲ್ಲಿ. ಚಿಲ್ಲು ತುಂಬುತ್ತಿರಲಿಲ್ಲ, ಬರೀ ಮದ್ದು ಗಿಡಿದು ಸದ್ದು ಮಾಡಿ ಮಂಗಗಳನ್ನು ಓಡಿಸುವುದಷ್ಟೇ ಅದರ ಕೆಲಸವೆಂದು ದೊಡ್ಡಪ್ಪ ಹೇಳುತ್ತಿದ್ದರು. 1994ರ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡರು. ನನಗಾಗ ಹದಿಮೂರು ವರ್ಷ. ದೊಡ್ಡಪ್ಪ ಬಸದಿಗೆ ಹೋಗುವುದನ್ನು ನಿಲ್ಲಿಸಿದರು. ತೋಟಕ್ಕೂ ಇಳಿಯುತ್ತಿರಲಿಲ್ಲ. ಜಗಲಿಯ ಮೇಲೆ ಕುಳಿತು ಕೋವಿಯನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು. ದಿನಕ್ಕೆ ಒಮ್ಮೆಯಲ್ಲ, ಎರಡು ಮೂರು ಬಾರಿ. ಒಂದು ದಿನ ಅಮ್ಮ ಕೇಪಿನ ಡಬ್ಬಿಯನ್ನು ತೆಗೆದು ಉಪ್ಪಿನ ಮರಿಗೆಯ ಹಿಂದೆ ಅಡಗಿಸಿದ್ದನ್ನು ನಾನು ಕಂಡೆ. ‘ಯಾರಿಗೂ ಹೇಳಬೇಡ’ ಎಂದರು.

ಆ ವರ್ಷದ ಕೊನೆಗೆ ವಿಧಾನಸಭೆಯ ಚುನಾವಣೆ ಬಂತು. ಚುನಾವಣೆ ಬಂದರೆ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಮಲೆನಾಡಿನ ರೈತರು ಇಂದಿಗೂ ಇದರ ಬಗ್ಗೆ ಗೊಣಗುತ್ತಾರೆ. ಊರಿನ ಎಲ್ಲರ ಕೋವಿಯೂ ಹೋದಾಗ ನಮ್ಮದೂ ಹೋಯಿತು. ಯಾರ ಮುಖಕ್ಕೂ ಮಸಿಯಿಲ್ಲ. ಚುನಾವಣೆ ಮುಗಿದು ಎಲ್ಲರೂ ತಮ್ಮ ತಮ್ಮ ಕೋವಿ ತಂದುಕೊಂಡರು. ದೊಡ್ಡಪ್ಪ ಹೋದಾಗ ‘ಸಾಹೇಬರು ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ ಹೆಗ್ಗಡೇರೆ’ ಎಂದರು. ಮುಂದಿನ ವಾರ ರಿಜಿಸ್ಟರು ಸಿಗಲಿಲ್ಲ. ಅದರಾಚೆಯ ವಾರ ಬೀರುವಿನ ಕೀಲಿ ಸಿಗಲಿಲ್ಲ. ಹೀಗೆ ಏಳು ತಿಂಗಳು. ಅಪ್ಪ ಮುಂಚಿತವಾಗಿ ಹೋಗಿ ಠಾಣೆಯ ರೈಟರಿಗೆ ಎಲ್ಲವನ್ನೂ ಹೇಳಿಕೊಂಡಿದ್ದರು. ಆತ ಒಳ್ಳೆಯ ಮನುಷ್ಯ. ಅಷ್ಟರಲ್ಲಿ ಶಿವಮೊಗ್ಗದ ವೈದ್ಯರ ಔಷಧವೂ, ಬಾಣಂತನಕ್ಕೆ ಬಂದ ಅಕ್ಕನ ಮಗುವೂ ಸೇರಿ ದೊಡ್ಡಪ್ಪ ಮತ್ತೆ ಮನುಷ್ಯರಾದರು. ಕೋವಿ ಮನೆಗೆ ಬಂತು.

ನಾಲ್ಕೈದು ವರ್ಷಗಳ ಮೇಲೆ ಆ ರೈಟರು ನಿವೃತ್ತರಾಗಿ, ಯಾವುದೋ ಮದುವೆಯಲ್ಲಿ ದೊಡ್ಡಪ್ಪನಿಗೆ ಸಿಕ್ಕಿ, ತಮಾಷೆಯೆಂದು ಈ ಕಥೆ ಹೇಳಿಬಿಟ್ಟರು. ದೊಡ್ಡಪ್ಪ ಮನೆಗೆ ಬಂದು ಅಪ್ಪನನ್ನು ಕೇಳಿದ್ದು ಒಂದೇ ಮಾತು: ‘ನನ್ನನ್ನೇ ಕೇಳಬಹುದಿತ್ತಲ್ಲೋ ತಮ್ಮಾ?’ ಆಮೇಲೆ ಸುಮಾರು ಎರಡು ವರ್ಷ ಅವರು ಅಮ್ಮನ ಕೈಯಿಂದ ನೇರವಾಗಿ ಲೋಟ ತೆಗೆದುಕೊಳ್ಳಲಿಲ್ಲ, ಮಕ್ಕಳು ತಂದುಕೊಡಬೇಕಿತ್ತು.

ಅಪ್ಪ ಅಮ್ಮ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ದೊಡ್ಡಪ್ಪ 78 ವರ್ಷ ಬಾಳಿದರು. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು. ಏಳು ತಿಂಗಳು ಒಬ್ಬ ಮನುಷ್ಯನನ್ನು ಸುಳ್ಳು ಹೇಳಿ ಅಲೆದಾಡಿಸಿದ ವ್ಯವಸ್ಥೆಯದು. ಆದೇಶವಿಲ್ಲ, ದಿನಾಂಕವಿಲ್ಲ, ಎಲ್ಲಿಗೆ ಹೋಗಿ ದೂರಬೇಕೆಂದು ತಿಳಿಯದು. ಒಳ್ಳೆಯ ರೈಟರು ಒಳ್ಳೆಯ ಉದ್ದೇಶದಿಂದ ಕಳೆದುಹಾಕಿದ ರಿಜಿಸ್ಟರನ್ನು, ಕೆಟ್ಟವನೊಬ್ಬ ಹಣಕ್ಕಾಗಿಯೋ ಜಾತಿಯ ಹಗೆಯಿಂದಲೋ ಕಳೆದುಹಾಕಬಹುದು. ವೋಚರಿಲ್ಲದ ನಮೂದನ್ನು, ಮೊತ್ತ ಸರಿಯಾಗಿದ್ದರೂ, ನಾನು ಪಾಸು ಮಾಡುವುದಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1959ರ ಆಯುಧ ಅಧಿನಿಯಮದ 17ನೆಯ ಕಲಮಿನ ಪ್ರಕಾರ, ಪರವಾನಗಿದಾರ ಸ್ವಸ್ಥಚಿತ್ತನಲ್ಲವೆಂದೋ ಬೇರೆ ಕಾರಣದಿಂದ ಅನರ್ಹನೆಂದೋ ಕಂಡುಬಂದರೆ, ಅಥವಾ ಸಾರ್ವಜನಿಕ ಶಾಂತಿ ಸುರಕ್ಷತೆಗೆ ಅಗತ್ಯವಾದರೆ, ಪರವಾನಗಿ ನೀಡುವ ಪ್ರಾಧಿಕಾರ ಅದನ್ನು ಅಮಾನತಿನಲ್ಲಿಡಬಹುದು, ರದ್ದುಮಾಡಬಹುದು. ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು. 18ನೆಯ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶವಿದೆ. ಅಮೆರಿಕದಲ್ಲಿ ಬಂದೂಕು ಸಂವಿಧಾನದ ಹಕ್ಕು, ಆದ್ದರಿಂದ ಅದನ್ನು ಮುಟ್ಟಲು ನ್ಯಾಯಾಧೀಶರೇ ಬೇಕು. ನಮ್ಮಲ್ಲಿ ಅದು ಸರಕಾರ ಕೊಟ್ಟ ಪರವಾನಗಿ, ಆದ್ದರಿಂದ ಆಡಳಿತಾಧಿಕಾರಿಯೇ ತೆಗೆಯಬಲ್ಲರು. ಅಪ್ಪ ಜಿಲ್ಲಾಧಿಕಾರಿಗೆ ಒಂದು ಅರ್ಜಿ ಕೊಡಬಹುದಿತ್ತು. ಅದರಲ್ಲಿ ‘ನನ್ನ ಅಣ್ಣನ ಮನಸ್ಸು ಸರಿಯಿಲ್ಲ’ ಎಂದು ಬರೆಯಬೇಕಿತ್ತು. ಅದನ್ನು ಬರೆಯಲು ಅವರಿಗೆ ಕೈ ಬರಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. ‘ಆ ಮನೆಯಲ್ಲಿ ಹುಚ್ಚಿದೆ’ ಎಂಬ ಮಾತು ಹೊರಬಿದ್ದರೆ ಏನಾದೀತೆಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಕುಳಿತಿರುವ ನಮಗೂ ಗೊತ್ತು. ಸಂಬಂಧ ನೋಡುವಾಗ ಜಾತಕಕ್ಕಿಂತ ಮೊದಲು ನಾವು ವಿಚಾರಿಸುವುದು ಇದನ್ನೇ. ಮನೋರೋಗವನ್ನು ಕುಲದ ಕಳಂಕವೆಂದು ಎಣಿಸುವ ತನಕ ಯಾವ ಕಾನೂನಿಗೂ ಅರ್ಜಿದಾರರು ಸಿಗುವುದಿಲ್ಲ.

ಕೊನೆಯದಾಗಿ ಆ ತಾಯಿಯ ಪ್ರಶ್ನೆ. ಆಕೆ ಇಲ್ಲಿಯೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ. ಅಮ್ಮಾ, ಉತ್ತರ ಮಗ ಯಾವ ರಾಜ್ಯದಲ್ಲಿದ್ದಾನೆ ಎಂಬುದನ್ನು ಅವಲಂಬಿಸಿದೆ. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಕುಟುಂಬದವರೇ ನ್ಯಾಯಾಲಯಕ್ಕೆ ಹೋಗಬಹುದು. 2020ರಿಂದ ಷರತ್ತುಗಳಿಗೊಳಪಟ್ಟು ಸಹೋದ್ಯೋಗಿ, ಉದ್ಯೋಗದಾತ, ಶಿಕ್ಷಕರೂ ಹೋಗಬಹುದು. ತುರ್ತು ಆದೇಶ 21 ದಿನ, ವಿಚಾರಣೆಯ ಮೇಲೆ ಒಂದರಿಂದ ಐದು ವರ್ಷ. ಫ್ಲಾರಿಡಾದಲ್ಲಿ, ಇಂಡಿಯಾನಾದಲ್ಲಿ ಈ ಹಾದಿ ಪೊಲೀಸರ ಮೂಲಕವೇ. ಕೆಲವು ರಾಜ್ಯಗಳಲ್ಲಿ ಕಾನೂನೇ ಇಲ್ಲ. ಹೇಗಿದ್ದರೂ ಮಗ ತಾನೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ. ವಿಶ್ವವಿದ್ಯಾಲಯದ ಸುರಕ್ಷಾ ವಿಭಾಗಕ್ಕೆ ಕಂಡದ್ದನ್ನು ಕಂಡಷ್ಟೇ ಹೇಳಲಿ: ಯಾವ ದಿನ, ಯಾವ ಮಾತು. ಸೇರಿಸುವುದೂ ಬೇಡ, ಮುಚ್ಚುವುದೂ ಬೇಡ. ಹೇಳಿದ್ದನ್ನು ಬರಹದಲ್ಲಿ ಕೊಟ್ಟು ಪ್ರತಿ ಇಟ್ಟುಕೊಳ್ಳಲಿ. ಅಮೆರಿಕದಾದ್ಯಂತ 988 ಎಂಬ ಸಂಖ್ಯೆಗೆ ಕರೆ ಮಾಡಿದರೆ ಆತ್ಮಹತ್ಯೆಯ ಆಲೋಚನೆಯಲ್ಲಿರುವವರಿಗೂ ಅವರ ಬಗ್ಗೆ ಕಳವಳಪಡುವವರಿಗೂ ಮಾತನಾಡಲು ಜನ ಸಿಗುತ್ತಾರೆ. ಆ ಹುಡುಗನಿಗೆ ಈ ಸಂಖ್ಯೆಯನ್ನು ಕೊಡಲು ಯಾವ ಕಾನೂನೂ ಬೇಕಿಲ್ಲ. ಸಾಧ್ಯವಾದರೆ, ತನಗೆ ಅಪಾಯವಿಲ್ಲವೆನಿಸಿದರೆ, ಮೊದಲು ಅವನನ್ನೇ ಕೇಳಲಿ: ಊಟ ಮಾಡಿದೆಯಾ, ನಿದ್ರೆ ಬರುತ್ತದೆಯಾ, ಆ ಬಂದೂಕನ್ನು ಕೆಲವು ದಿನ ಬೇರೆಡೆ ಇಡೋಣವಾ ಎಂದು. ಭಯವಾದರೆ ಕೇಳುವುದು ಬೇಡ, ಆ ರಾತ್ರಿಯೇ ಬೇರೆ ಕಡೆ ಹೋಗಿ ಮಲಗಲಿ.

ಮಗನ ಊರು ಯಾವುದೆಂದು ಆಕೆ ನನಗೆ ಇನ್ನೂ ಹೇಳಿಲ್ಲ. ಚಹಾ ವಿರಾಮದಲ್ಲಿ ಹೇಳಿದರೆ ಆ ರಾಜ್ಯದ ನಿಯಮವನ್ನು ಕುಳಿತು ಓದೋಣ, ಲ್ಯಾಪ್‌ಟಾಪ್ ತಂದಿದ್ದೇನೆ. ಉಳಿದವರು ಪ್ರಶ್ನೆಗಳನ್ನು ಈಗ ಕೇಳಬಹುದು. ಜೈ ಜಿನೇಂದ್ರ.